ಈಜುಕೊಳದ ಕಾಂಕ್ರೀಟ್ ಅಂಚುಕಟ್ಟೆ: ಸವೆತ ಮತ್ತು ದುರಸ್ತಿ

ಈಜುಕೊಳದ ಸುತ್ತ ಜನ ಬರಿಗಾಲಲ್ಲಿ ಓಡಾಡುವ ಕಾಂಕ್ರೀಟ್ ನೆಲವೇ ಅಂಚುಕಟ್ಟೆ. ಸಾಮಾನ್ಯವಾಗಿ 100 ಮಿ.ಮೀ. ದಪ್ಪವಿರುವ ಈ ನೆಲಕ್ಕೆ ಮೇಲಿನಿಂದ ಬಿಸಿಲು, ಪಕ್ಕದಿಂದ ಕೊಳದ ನೀರು, ಅಡಿಯಿಂದ ಮಣ್ಣಿನ ತೇವ ಏಕಕಾಲಕ್ಕೆ ತಾಗುತ್ತವೆ. ಮನೆಯೊಳಗಿನ ನೆಲ ಒಂದು ತಲೆಮಾರು ಸುಖವಾಗಿ ಬಾಳುವಷ್ಟರಲ್ಲಿ ಹೊರಗಿನ ಕಟ್ಟೆ ಪುಡಿ ಬಿಟ್ಟು, ಜಲ್ಲಿ ಎದ್ದು, ಕಾಲಿಗೆ ಚುಚ್ಚತೊಡಗುವುದು ಇದೇ ಕಾರಣಕ್ಕೆ. ತುಮಕೂರು ನಗರ, ಗುಬ್ಬಿ, ಕುಣಿಗಲ್‌ಗಳಲ್ಲಿ ಈಜುಕೊಳಗಳು ಕೆಲವೇ. ಆದರೆ ಅದೇ ಜಾತಿಯ ನೆಲ ಹಳ್ಳಿಹಳ್ಳಿಯಲ್ಲೂ ಇದೆ. ಬೋರ್‌ವೆಲ್ ನೀರು ತುಂಬಿಸುವ ತೋಟದ ತೊಟ್ಟಿಯ ಸುತ್ತಲಿನ ಕಟ್ಟೆ, ಮನೆಯ ಮುಂದಿನ ಸಂಪಿನ ಮುಚ್ಚಳ, ಗುಬ್ಬಿ ಕಡೆಯ ಅಡಿಕೆ ಒಣಗಿಸುವ ಅಂಗಳ, ಕುಣಿಗಲ್ ಕಡೆಯ ರಾಗಿ ಒಕ್ಕುವ ಸಿಮೆಂಟ್ ಕಣ, ಇವೆಲ್ಲ ಬಿಸಿಲು–ನೀರಿನ ನಡುವೆ ಸಿಕ್ಕ ತೆಳು ಕಾಂಕ್ರೀಟ್ ನೆಲಗಳೇ. ಬೇಸಿಗೆಯಲ್ಲಿ ಮಕ್ಕಳು ಧುಮುಕುವ ತೋಟದ ತೊಟ್ಟಿಯಂತೂ ಈ ಸೀಮೆಯ ನಿಜವಾದ ಈಜುಕೊಳ.

ಇಂಥ ನೆಲದ ದುರಸ್ತಿಯ ಬಗ್ಗೆ ಜಗತ್ತಿನಲ್ಲಿ ಸಿಗುವ ಬರಹದಲ್ಲಿ ಬಹುಪಾಲು ಹಿಮ ಬೀಳುವ ದೇಶಗಳ ಅನುಭವದಿಂದ ಬಂದದ್ದು. ಅಲ್ಲಿನ ಶತ್ರು ಹೆಪ್ಪುಗಟ್ಟುವ ನೀರು. ತುಮಕೂರಿನಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಆದರೂ ಕಟ್ಟೆ ಹಾಳಾಗುತ್ತದೆ, ಅದರ ಕಾರಣಗಳೇ ಬೇರೆ. ಕಾರಣ ಬೇರೆಯಾದ ಮೇಲೆ ಮದ್ದೂ ಬೇರೆಯಾಗಬೇಕು. ಅಲ್ಲಿಯ ಲೇಪವನ್ನು ತಂದು ಇಲ್ಲಿಯ ನೆಲಕ್ಕೆ ಬಳಿಯುವುದರಿಂದ ಆಗುವ ನಷ್ಟ ಸಣ್ಣದಲ್ಲ.

ಚಳಿದೇಶದ ಸವೆತ

ಸಿಮೆಂಟು ಗಟ್ಟಿಯಾಗಲು ಬೇಕಾದದ್ದಕ್ಕಿಂತ ಹೆಚ್ಚಾಗಿ ಬೆರೆಸಿದ ನೀರು ಕ್ರಮೇಣ ಆರಿಹೋಗಿ, ಅದು ನಿಂತಿದ್ದ ಜಾಗ ಕೂದಲೆಳೆಗಿಂತ ಸಣ್ಣ ರಂಧ್ರಗಳಾಗಿ ಉಳಿಯುತ್ತದೆ. ಮಳೆ ನೀರು, ಕೊಳದ ನೀರು ಈ ರಂಧ್ರಗಳನ್ನು ತುಂಬುತ್ತವೆ. ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ರಂಧ್ರಗಳಲ್ಲಿ ಹತ್ತನೆಯ ಒಂದು ಪಾಲಾದರೂ ಖಾಲಿ ಇದ್ದರೆ ಹಿಗ್ಗಿದ ಗಡ್ಡೆಗೆ ಜಾಗ ಸಿಗುತ್ತದೆ. ಪೂರ್ತಿ ತುಂಬಿದ್ದರೆ ಒಳಗಿನಿಂದ ಒತ್ತಡ ಹುಟ್ಟಿ ಮೇಲ್ಪದರ ಹಕ್ಕಳೆ ಹಕ್ಕಳೆಯಾಗಿ ಎದ್ದುಬರುತ್ತದೆ. ಇಡೀ ಚಳಿಗಾಲ ಒಂದೇ ಸಮನೆ ಕೊರೆಯುವ ಊರಿಗಿಂತ, ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಊರಿನಲ್ಲಿ ಈ ಹಾನಿ ಹೆಚ್ಚು. ಹಿಮ ಕರಗಿಸಲು ಎರಚುವ ಉಪ್ಪು ಅದನ್ನು ಇನ್ನಷ್ಟು ಬಿಗಡಾಯಿಸುತ್ತದೆ. ಟೊರಾಂಟೊ, ಡೆಟ್ರಾಯಿಟ್‌ಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಮನೆ ಮುಂದಿನ ಕಾರು ದಾರಿಯಲ್ಲೂ ಹಿತ್ತಿಲ ಕೊಳದ ಕಟ್ಟೆಯಲ್ಲೂ ವಸಂತ ಬಂದೊಡನೆ ಕಾಣುವುದು ಈ ಹಕ್ಕಳೆಯೇ.

ಇದಕ್ಕೆ ಮದ್ದು ಸಿಕ್ಕಿದ್ದು 1930ರ ದಶಕದ ಅಮೆರಿಕದಲ್ಲಿ. ಕಾಂಕ್ರೀಟು ಕಲೆಸುವಾಗಲೇ ಒಂದು ದ್ರಾವಣ ಸೇರಿಸಿ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳನ್ನು ಒತ್ತೊತ್ತಾಗಿ ಹುಟ್ಟಿಸಿದರೆ, ಹೆಪ್ಪುಗಟ್ಟುವ ನೀರಿಗೆ ಅವು ಹಿಗ್ಗಲು ಜಾಗ ಕೊಡುತ್ತವೆ. ಭಾರತದ ಕಾಂಕ್ರೀಟ್ ಸಂಹಿತೆ ಐಎಸ್ 456:2000 ಕೂಡ ಹೆಪ್ಪುಗಟ್ಟುವ ಪ್ರದೇಶಗಳಲ್ಲಿ, 20 ಮಿ.ಮೀ. ಜಲ್ಲಿಯ ಕಾಂಕ್ರೀಟಿಗೆ ಶೇ. 5ರ ಆಸುಪಾಸು ಇಂಥ ಗಾಳಿ ಇರಬೇಕೆನ್ನುತ್ತದೆ. ಲೇಹ್, ಲಾಹೌಲ್‌ಗಳಲ್ಲಿ ಇದು ಅಗತ್ಯ. ತುಮಕೂರಿನಲ್ಲಿ ಇದರಿಂದ ಲಾಭವಿಲ್ಲ. ಗಾಳಿ ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಒಂದಿಷ್ಟು ತಗ್ಗುವುದರಿಂದ ಇಲ್ಲಿ ಅದು ಬೇಡವಾದ ಖರ್ಚು.

ತುಮಕೂರು ಸೀಮೆಯ ಸವೆತ

ತುಮಕೂರು ನಗರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಹತ್ತಿರದ ದೇವರಾಯನದುರ್ಗ ಇನ್ನೂ ಎತ್ತರ, ಅಲ್ಲಿ ಮಾಗಿಯ ಬೆಳಗು ಮಂಜು ಕವಿಯುತ್ತದೆ. ಆದರೆ ಎಲ್ಲಿಯೂ ನೀರು ಗಡ್ಡೆಯಾಗುವ ಚಳಿಯಿಲ್ಲ. ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು, ಅದರಲ್ಲೂ ಸೆಪ್ಟೆಂಬರ್–ಅಕ್ಟೋಬರಿನದೇ ದೊಡ್ಡ ಪಾಲು. ಉಳಿದಂತೆ ಉದ್ದನೆಯ ಒಣಗಾಲ. ಏಪ್ರಿಲಿನ ಮಧ್ಯಾಹ್ನ ಬಯಲಿನ ಕಾಂಕ್ರೀಟಿನ ಮೈ 50 ಡಿಗ್ರಿ ದಾಟಿ, ಬೆಳಗಿನ ಜಾವಕ್ಕೆ 20–25 ಡಿಗ್ರಿಗೆ ಇಳಿಯುತ್ತದೆ. 3 ಮೀಟರ್ ಉದ್ದದ ನೆಲ 30 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 1 ಮಿ.ಮೀ.ನಷ್ಟು ಹಿಗ್ಗಿ ಕುಗ್ಗುತ್ತದೆ. ಈ ಆಟ ದಿನವೂ ನಡೆಯುತ್ತದೆ. ಸಂದು ಬಿಡದೆ ಕೊಳದ ಸುತ್ತ ಒಂದೇ ಹಾಸಾಗಿ ಎರೆದ ಕಟ್ಟೆ ತನ್ನ ಸಂದನ್ನು ತಾನೇ ಮಾಡಿಕೊಳ್ಳುತ್ತದೆ. ಬಿರುಕು ಎಂದು ನಾವು ಕರೆಯುವುದು ಅದನ್ನೇ.

ಆದರೆ ಇಲ್ಲಿಯ ನೆಲಗಳ ಸವೆತಕ್ಕೆ ಬಿಸಿಲಿಗಿಂತ ದೊಡ್ಡ ಕಾರಣ, ಅವು ಹುಟ್ಟಿದ ಮೊದಲ ಎರಡು ವಾರ. 50 ಕಿಲೋ ಸಿಮೆಂಟಿನ ಒಂದು ಚೀಲಕ್ಕೆ 22ರಿಂದ 25 ಲೀಟರ್ ನೀರು ಸಾಕು, ಮರಳಿನಲ್ಲಿರುವ ತೇವವೂ ಅದರಲ್ಲೇ ಲೆಕ್ಕ. ಕರಣೆ ಸಲೀಸಾಗಿ ಓಡಲೆಂದು ಇನ್ನೂ ಒಂದು ಬಕೆಟ್ ಸುರಿದರೆ ಬಲವೂ ಹೋಯಿತು, ರಂಧ್ರವೂ ಹೆಚ್ಚಿತು. ಮೇಲೆ ತೇಲಿ ಬಂದ ಆ ನೀರನ್ನು ಹೀರಿಸಲು ಒಣ ಸಿಮೆಂಟ್ ಉದುರಿಸಿ ನುಣ್ಣಗೆ ಉಜ್ಜುವುದು ಇನ್ನೊಂದು ರೂಢಿ. ಅಂದು ಅದು ಗಾಜಿನಂತೆ ಹೊಳೆಯುತ್ತದೆ, ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಆ ತೆಳು ಪೊರೆ ಸಿಪ್ಪೆಯಾಗಿ ಏಳುತ್ತದೆ. ಎಂ-ಸ್ಯಾಂಡಿನಲ್ಲಿ ಕಲ್ಲುಪುಡಿ ಮಿತಿಮೀರಿದ್ದರೆ ಅದೂ ನೀರು ಕೇಳುತ್ತದೆ, ಕುಗ್ಗುವಿಕೆಯೂ ಹೆಚ್ಚುತ್ತದೆ.

ಆಮೇಲಿನದು ಕ್ಯೂರಿಂಗ್. ಸಂಹಿತೆಯ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಒಣ ಬಿಸಿಲಿನ ಹವೆಯಲ್ಲಿ 10 ದಿನ, ಹಾರುಬೂದಿ ಅಥವಾ ಕಬ್ಬಿಣದ ಕುಲುಮೆಯ ಕಿಟ್ಟ ಬೆರೆತ ಸಿಮೆಂಟಾದರೆ 14 ದಿನದವರೆಗೆ ನೆಲ ಒದ್ದೆಯಾಗಿಯೇ ಇರಬೇಕು. ಈಗ ಅಂಗಡಿಯಲ್ಲಿ ಸಿಗುವ ಚೀಲಗಳಲ್ಲಿ ಹೆಚ್ಚಿನವು ಇಂಥ ಬೆರಕೆ ಸಿಮೆಂಟೇ, ಹಾಗಾಗಿ 14 ದಿನವನ್ನೇ ನಿಯಮವೆಂದುಕೊಳ್ಳುವುದು ಸರಿ. ಮಾರ್ಚ್‌ನಿಂದ ಮೇವರೆಗೆ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಬೀದಿಗಳಲ್ಲಿ ಇದು ಸುಲಭದ ಮಾತಲ್ಲ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಪೈಪು ಹಿಡಿದು ನಿಲ್ಲಿಸಿಬಿಟ್ಟರೆ ನಡುವೆ ನೆಲ ಪೂರ್ತಿ ಒಣಗಿ ಸಿಮೆಂಟಿನ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ತುಮಕೂರು ಸೀಮೆಯ ಪುಡಿ ಬಿಡುವ ಕಟ್ಟೆಗಳಲ್ಲಿ ಬಹುಪಾಲಿಗೆ ಮೂಲ ರೋಗ ಇದೇ.

ನೀರಿನ ಗುಣವೂ ಗಣನೆಗೆ ಬರುತ್ತದೆ. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯ ಮೂಲಕ ಹೇಮಾವತಿ ನೀರು ಬರುತ್ತದೆ. ಹಳ್ಳಿಗಳಲ್ಲಿ ಆಳದ ಬೋರ್‌ವೆಲ್‌ನ ಗಡಸು ನೀರೇ ಗತಿ. ಆ ನೀರು ಕಾಂಕ್ರೀಟಿನ ಮೂಲಕ ಹಾದು ಮೇಲೆ ಆರಿದಲ್ಲೆಲ್ಲ ಬಿಳಿ ಉಪ್ಪು ಬಿಡುತ್ತದೆ. ತೊಟ್ಟಿಯ ಹೊರಮೈಯ ಬಿಳಿ ಗೆರೆಗಳು ಬರಿಯ ಕೊಳೆಯಲ್ಲ, ನೀರು ಯಾವ ದಾರಿಯಲ್ಲಿ ಸೋರುತ್ತಿದೆಯೆಂಬ ನಕ್ಷೆ. ಈಜುಕೊಳಗಳಲ್ಲಿ ಇದರ ಜೊತೆಗೆ ಕ್ಲೋರಿನ್ ಮತ್ತು ಆಸಿಡ್ ಸೇರುತ್ತವೆ. ನೀರಿನ ಪಿಎಚ್ 7.2ಕ್ಕಿಂತ ಕೆಳಗಿಳಿದರೆ ಅದು ಸಿಮೆಂಟಿನ ಸುಣ್ಣವನ್ನು ಕರಗಿಸತೊಡಗುತ್ತದೆ. ಆಗ ಮೊದಲು ಮರಳು, ಆಮೇಲೆ ಜಲ್ಲಿ ಮೇಲೆದ್ದು ಕಾಣುತ್ತವೆ. ಕಂಬಿ ಹಾಕಿದ ಕಟ್ಟೆಯಾದರೆ ಕ್ಲೋರೈಡು ಕಂಬಿಯವರೆಗೆ ಇಳಿದು ತುಕ್ಕು ಹಿಡಿಸುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುವುದರಿಂದ ಮೇಲಿನ ಕಾಂಕ್ರೀಟು ಒಡೆದು ಏಳುತ್ತದೆ. ಮಂಜುಗಡ್ಡೆ ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ತುಕ್ಕು ಮಾಡುತ್ತದೆ ಎನ್ನಬಹುದು.

ಗಚ್ಚು, ಕಲ್ಯಾಣಿ, ಏರಿ

ಸಿಮೆಂಟು ಬರುವ ಮೊದಲು ಈ ಸೀಮೆಯ ತಾರಸಿ, ಅಂಗಳ, ತೊಟ್ಟಿಗಳಿಗೆ ಗಚ್ಚು ಹಾಕುತ್ತಿದ್ದರು. ಸುಟ್ಟ ಸುಣ್ಣ, ಮರಳು, ಇಟ್ಟಿಗೆಪುಡಿಯನ್ನು ಎತ್ತು ಎಳೆಯುವ ಗಾರೆ ಗಾಣದಲ್ಲಿ ಅರೆದು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಬೆರೆಸಿ, ಹರಡಿ, ದಿನಗಟ್ಟಲೆ ಹಲಗೆಯಿಂದ ಬಡಿಯುತ್ತಿದ್ದರು. ಇಟ್ಟಿಗೆಪುಡಿ ಸುಣ್ಣದೊಂದಿಗೆ ಸೇರಿ ನೀರಿನಲ್ಲೂ ಗಟ್ಟಿಯಾಗುವ ಗುಣ ಕೊಡುತ್ತದೆ. ಕನ್ನಂಬಾಡಿ ಅಣೆಕಟ್ಟೆಯಂಥ ದೊಡ್ಡ ಕೆಲಸಕ್ಕೂ ಸುರ್ಕಿ, ಅಂದರೆ ಇಟ್ಟಿಗೆಪುಡಿ ಬೆರೆತ ಗಾರೆಯನ್ನೇ ಬಳಸಿದ್ದರು. ಗಚ್ಚು ಸಿಮೆಂಟಿನಷ್ಟು ಬಲವುಳ್ಳದ್ದಲ್ಲ. ಆದರೆ ಅದು ಬಿಸಿಲಿಗೆ ಒಂದಿಷ್ಟು ಬಾಗಿಕೊಡುತ್ತದೆ, ಒಳಗಿನ ತೇವವನ್ನು ಹೊರಬಿಡುತ್ತದೆ, ಸಣ್ಣ ಬಿರುಕನ್ನು ಕರಗಿದ ಸುಣ್ಣದಿಂದ ತಾನೇ ಮುಚ್ಚಿಕೊಳ್ಳುತ್ತದೆ. ಹಳೆಯ ಗಚ್ಚಿನ ಮೇಲೆ ಗಟ್ಟಿ ಸಿಮೆಂಟ್ ಗಾರೆ ಬಳಿದ ಕಡೆಯಲ್ಲೆಲ್ಲ ತೇವ ಒಳಗೇ ಸಿಕ್ಕಿಕೊಂಡು ಎರಡೂ ಬೇರ್ಪಡುತ್ತವೆ. ಹಳೆಯ ದೇಗುಲಗಳ, ಮಠಗಳ ಅಂಗಳದ ಜೀರ್ಣೋದ್ಧಾರದಲ್ಲಿ ಸುಣ್ಣಕ್ಕೆ ಸುಣ್ಣವನ್ನೇ ಬಳಸಬೇಕೆನ್ನುವುದು ಇದಕ್ಕೇ.

ಜಿಲ್ಲೆಗೆ ಸಿಮೆಂಟು ಮನೆಮಾತಾದದ್ದು ಅಮ್ಮಸಂದ್ರದಿಂದ. 1958ರಲ್ಲಿ ಸ್ಥಾಪನೆಯಾದ ಮೈಸೂರು ಸಿಮೆಂಟ್ಸ್ ಕಂಪನಿಯ ಕಾರ್ಖಾನೆ ಗುಬ್ಬಿಗೆ ಸಮೀಪದ, ತುರುವೇಕೆರೆ ತಾಲ್ಲೂಕಿಗೆ ಸೇರಿದ ಈ ಊರಿನಲ್ಲಿದೆ. 2006ರಲ್ಲಿ ಅದು ಜರ್ಮನಿಯ ಹೈಡೆಲ್‌ಬರ್ಗ್ ಸಮೂಹದ ಕೈಗೆ ಹೋಯಿತು. ಸಿಮೆಂಟು ಹತ್ತಿರವಾಗುತ್ತಿದ್ದಂತೆ ಸಗಣಿ ಸಾರಿಸಿದ ಕಣದ ಜಾಗಕ್ಕೆ ಕಾಂಕ್ರೀಟ್ ಕಣ ಬಂತು, ಗಚ್ಚು ಬಲ್ಲ ಕೈಗಳು ಕಡಿಮೆಯಾದವು.

ಕಲ್ಯಾಣಿಗಳ ಕಲ್ಲುಮೆಟ್ಟಿಲು ಇನ್ನೊಂದು ಬಗೆಯ ಜಾಣ್ಮೆ. ಮೆಟ್ಟಿಲ ಕಲ್ಲುಗಳನ್ನು ಬಿಡಿಬಿಡಿಯಾಗಿ ಕೂರಿಸಿರುವುದರಿಂದ ಮಣ್ಣು ಒಂದಿಷ್ಟು ಕುಸಿದರೂ ಅವು ಜರುಗಿ ನಿಲ್ಲುತ್ತವೆ, ಒಡೆಯುವುದಿಲ್ಲ. ಸಂದುಗಳಿಂದ ಹಿಂಬದಿಯ ನೀರು ಬಸಿದು ಬರುತ್ತದೆ. ಕುಣಿಗಲ್ ದೊಡ್ಡಕೆರೆಯಂಥ ಏರಿಗಳ ಒಳಮೈಗೆ ಹೊಂದಿಸುವ ಕಲ್ಲುಕಟ್ಟಣೆಯದೂ ಇದೇ ತತ್ವ: ಕೆರೆ ಇಳಿದಾಗ ಏರಿಯೊಳಗಿನ ನೀರಿಗೆ ಹೊರಬರಲು ದಾರಿ ಬೇಕು. ಇಂಥ ಸಂದುಗಳನ್ನು ಚೆಂದಕ್ಕೆಂದು ಸಿಮೆಂಟಿನಿಂದ ಮೆತ್ತಿದರೆ ಆ ದಾರಿ ಮುಚ್ಚಿಹೋಗುತ್ತದೆ. ಕಲ್ಯಾಣಿ ದುರಸ್ತಿ ಎಂಬ ಹೆಸರಿನಲ್ಲಿ ನಡೆಯುವ ಕೆಲಸಗಳಲ್ಲಿ ಇದಕ್ಕಿಂತ ಕೆಡುಕು ಮಾಡುವುದು ಮತ್ತೊಂದಿಲ್ಲ.

ತಪಾಸಣೆ

ದುರಸ್ತಿಗೆ ಕೈ ಹಚ್ಚುವ ಮೊದಲು ನೆಲವನ್ನು ಕೇಳಬೇಕು, ಅಕ್ಷರಶಃ ಕೇಳಬೇಕು. ಸಣ್ಣ ಸುತ್ತಿಗೆಯಿಂದ ಒಂದೊಂದು ಗೇಣಿಗೆ ಮೆಲ್ಲನೆ ತಟ್ಟುತ್ತ ಹೋದರೆ ಗಟ್ಟಿಯಿದ್ದಲ್ಲಿ ಠಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ಸದ್ದು ಪೊಳ್ಳಾಗುತ್ತದೆ. ಅನುಭವಿ ಗಾರೆ ಮೇಸ್ತ್ರಿ ಪೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆದು ಸುತ್ತುಹಾಕಿಬಿಡುತ್ತಾನೆ. ಅರ್ಧ ಗಂಟೆಯಲ್ಲಿ ಇಡೀ ಕಟ್ಟೆಯ ರೋಗ ನೆಲದ ಮೇಲೆ ಬಿಳಿಯಾಗಿ ಬರೆದಂತೆ ಕಾಣುತ್ತದೆ. ಗುರುತು ಹಾಕಿದ ಜಾಗ ಒಟ್ಟು ನೆಲದ ಮೂರನೆಯ ಒಂದು ಪಾಲು ದಾಟಿದರೆ ತೇಪೆ ಹಾಕುವ ಯೋಚನೆ ಬಿಟ್ಟು ಒಡೆದು ಹೊಸದಾಗಿ ಎರೆಯುವುದೇ ಲೇಸು.

ಎರಡನೆಯದು ತೇವದ ಪರೀಕ್ಷೆ. ಮೊಳದುದ್ದ, ಮೊಳದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ, ಒಂದು ರಾತ್ರಿ ಬಿಟ್ಟು, ಒಟ್ಟು 16 ಗಂಟೆಯ ಮೇಲೆ ಬಿಚ್ಚಬೇಕು. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಅಡಿಯ ಕಾಂಕ್ರೀಟು ಕಪ್ಪಾಗಿದ್ದರೆ ಮಣ್ಣಿನಿಂದ ತೇವ ಏರುತ್ತಿದೆ. ಅಂಥ ನೆಲದ ಮೇಲೆ ಎಪಾಕ್ಸಿಯಂಥ ಉಸಿರಾಡದ ಲೇಪ ಬಳಿದರೆ ಗುಳ್ಳೆ ಎದ್ದು ಕಿತ್ತುಬರುವುದು ಖಂಡಿತ.

ಮೂರನೆಯದಕ್ಕೆ ಒಂದು ಬಿಂದಿಗೆ ನೀರು ಸಾಕು. ಸುರಿದ ನೀರು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಬೇಕು. ಕೊಳದಿಂದ ಹೊರಕ್ಕೆ ಪ್ರತಿ ಮೀಟರಿಗೆ 10ರಿಂದ 20 ಮಿ.ಮೀ. ವಾಟ ಇರಲೇಬೇಕು. ಸವೆತ ಹೆಚ್ಚಿರುವ ಜಾಗ ಮತ್ತು ನೀರು ನಿಲ್ಲುವ ಜಾಗ ಬಹುತೇಕ ಒಂದೇ ಆಗಿರುತ್ತವೆ. ವಾಟ ಸರಿಪಡಿಸದೆ ಮೇಲ್ಮೈಯನ್ನಷ್ಟೇ ಹೊಸದು ಮಾಡಿದ ದುರಸ್ತಿ ಎಷ್ಟು ದುಬಾರಿಯದಾದರೂ ವ್ಯರ್ಥ.

ದುರಸ್ತಿ

ಕಟ್ಟೆ ಒಂದು ಕಡೆ ಕುಸಿದಿದ್ದರೆ ಕಾರಣ ಅಡಿಯಲ್ಲಿದೆ. ಕೊಳ ಕಟ್ಟುವಾಗ ಸುತ್ತ ಅಗೆದ ಮಣ್ಣನ್ನು ಒಂದೇ ಸಲ ತುಂಬಿಬಿಟ್ಟರೆ ಮಳೆ ಬಿದ್ದಂತೆಲ್ಲ ಅದು ಕೆಳಗಿಳಿಯುತ್ತದೆ. ಆ ಭಾಗವನ್ನು ಒಡೆದು ತೆಗೆದು, ಮಣ್ಣನ್ನು ಗೇಣುದ್ದಕ್ಕಿಂತ ಕಡಿಮೆ ದಪ್ಪದ ಪದರಗಳಲ್ಲಿ ಹದವಾಗಿ ನೀರು ಚಿಮುಕಿಸಿ ದಮ್ಮಸು ಮಾಡಿ, ಮೇಲೆ ಜಲ್ಲಿ ಹಾಸಿ ಎರೆಯಬೇಕು. ಹೊಸ ಕಾಂಕ್ರೀಟಿನ ಬಲದ ದರ್ಜೆ ಎಂ25ಕ್ಕಿಂತ ಕಡಿಮೆ ಇರಬಾರದು. ಕಂಬಿಯಿದ್ದು ಕ್ಲೋರಿನ್ ನೀರು ಸದಾ ತಾಗುವಲ್ಲಿ ಎಂ30 ಮೇಲು. 100 ಮಿ.ಮೀ. ದಪ್ಪದ ನೆಲಕ್ಕೆ ಎರಡೂವರೆಯಿಂದ ಮೂರು ಮೀಟರಿಗೊಂದು ಸಂದು, ದಪ್ಪದ ಕಾಲುಭಾಗದಷ್ಟು ಆಳ, ಎರೆದ ಮರುದಿನದೊಳಗೇ ಕೊಯ್ದಿರಬೇಕು.

ಮೇಲ್ಮೈ ಮಾತ್ರ ಕೆಟ್ಟಿದ್ದರೆ ಕೆಲಸ ಬೇರೆ. ಪೊಳ್ಳಾದ ಭಾಗದ ಸುತ್ತ ಯಂತ್ರದಿಂದ ನೇರ ಗೆರೆ ಕೊಯ್ದು, ಒಳಗಿನದನ್ನು ಉಳಿ–ಸುತ್ತಿಗೆಯಿಂದ ಗಟ್ಟಿ ಕಾಂಕ್ರೀಟು ಸಿಗುವವರೆಗೆ ತೆಗೆಯಬೇಕು. ಅಂಚು ತೆಳ್ಳಗೆ ಜಾರುವಂತಿದ್ದರೆ ತೇಪೆ ಅಲ್ಲಿಂದಲೇ ಏಳುತ್ತದೆ, ಅಂಚು ನೇರವಾಗಿ ಕಡಿದಂತೆ ಇರಬೇಕು. ಕಂಬಿ ಕಂಡರೆ ಅದರ ಹಿಂಬದಿಯಲ್ಲೂ ಬೆರಳು ಹೋಗುವಷ್ಟು ಕೊರೆದು, ತುಕ್ಕನ್ನು ಹೊಳೆಯುವವರೆಗೆ ಉಜ್ಜಿ, ಸತುವಿನ ಪ್ರೈಮರ್ ಬಳಿಯಬೇಕು. ಉಳಿದ ನೆಲವನ್ನು ತಂತಿ ಬ್ರಷ್ಷಿನಿಂದಲೋ ಒತ್ತಡದ ನೀರಿನಿಂದಲೋ ತೊಳೆದು ಪಾಚಿ, ಎಣ್ಣೆ, ಪುಡಿ ಏನೂ ಉಳಿಯದಂತೆ ಮಾಡಬೇಕು. ಆಸಿಡ್ ಸುರಿದು ತೊಳೆಯುವ ರೂಢಿ ಬಿಡುವುದೇ ಒಳ್ಳೆಯದು. ಅದು ಕೆಲಸಗಾರನ ಕಣ್ಣು–ಶ್ವಾಸಕ್ಕೆ ಅಪಾಯ, ತೊಳೆಯದೆ ಉಳಿದದ್ದು ಹೊಸ ಗಾರೆಗೂ ಕಂಬಿಗೂ ಅಪಾಯ. ಒಣ ಕಾಂಕ್ರೀಟು ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ನೀರು ಬಿಟ್ಟುಕೊಂಡೇ ಕೊಯ್ಯಬೇಕು, ಧೂಳು ತಡೆಯುವ ಸರಿಯಾದ ಮಾಸ್ಕ್ ಇಲ್ಲದೆ ಯಾರನ್ನೂ ಆ ಕೆಲಸಕ್ಕೆ ಹಚ್ಚಬಾರದು.

ಹಳೆಯದಕ್ಕೆ ಹೊಸದು ಅಂಟುವುದು ಒಂದು ಹದದಲ್ಲಿ ಮಾತ್ರ. ಹಿಂದಿನ ದಿನವೇ ನೆಲಕ್ಕೆ ನೀರು ಕುಡಿಸಿರಬೇಕು, ಗಾರೆ ಹಾಕುವ ಹೊತ್ತಿಗೆ ಮೇಲೆ ನೀರು ನಿಂತಿರಬಾರದು. ಒಳಗೆ ತೇವ, ಮೈ ಮಾತ್ರ ಒಣ. ಒಣಗಿದ ಹಳೆ ಕಾಂಕ್ರೀಟು ಹೊಸ ಗಾರೆಯ ನೀರನ್ನು ಹೀರಿಬಿಡುತ್ತದೆ. ಮೇಲೆ ನಿಂತ ನೀರಾದರೆ ಎರಡರ ನಡುವೆ ದುರ್ಬಲ ಪದರ ಕಟ್ಟುತ್ತದೆ. ಈ ಹದದ ಮೇಲೆ ಸಿಮೆಂಟು ಮತ್ತು ಎಸ್‌ಬಿಆರ್ ಲ್ಯಾಟೆಕ್ಸ್ (ನೀರಿನಲ್ಲಿ ಕದಡಿದ ಕೃತಕ ರಬ್ಬರು) ಕಲೆಸಿದ ಹಾಲನ್ನು ಬ್ರಷ್ಷಿನಿಂದ ಉಜ್ಜಿ, ಅದು ಅಂಟಂಟಾಗಿರುವಾಗಲೇ ಒಂದು ಪಾಲು ಸಿಮೆಂಟು, ಮೂರು ಪಾಲು ಮರಳಿಗೆ ಅದೇ ಲ್ಯಾಟೆಕ್ಸ್ ಸೇರಿಸಿದ ಗಾರೆಯನ್ನು ಒತ್ತಿ ತುಂಬಬೇಕು. ಹಾಲು ಒಣಗಿಹೋದರೆ ಅದು ಅಂಟಿಸುವ ಬದಲು ಬೇರ್ಪಡಿಸುತ್ತದೆ. ಮರಗೆಲಸದ ಬಿಳಿ ಅಂಟನ್ನು ಗಾರೆಗೆ ಬೆರೆಸುವವರಿದ್ದಾರೆ. ಅದು ನೀರು ತಾಗಿದಾಗ ಮತ್ತೆ ಮೆತ್ತಗಾಗುವ ವಸ್ತು, ಕೊಳದಂಚಿಗೆ ಖಂಡಿತ ಸಲ್ಲದು.

ಇಡೀ ಕಟ್ಟೆಗೆ ಹೊಸ ಮೈ ಕೊಡಬೇಕಾದರೆ ಲ್ಯಾಟೆಕ್ಸ್ ಗಾರೆಯನ್ನೇ 3ರಿಂದ 10 ಮಿ.ಮೀ. ದಪ್ಪಕ್ಕೆ ಹರಡಬಹುದು. ಹಳೆಯ ಸಂದು ಎಲ್ಲಿದೆಯೋ ಹೊಸ ಪದರದಲ್ಲೂ ಅಲ್ಲೇ ಸಂದು ಬಿಡಬೇಕು. ಮುಚ್ಚಿದರೆ ಒಂದೇ ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಬಿರುಕು ಮೂಡುತ್ತದೆ. ಮೈಯನ್ನು ಕರಣೆಯಿಂದ ನುಣುಪಾಗಿಸದೆ, ಗಾರೆ ಹದವಾಗಿ ಬಿಗಿದಾಗ ಮೆತ್ತನೆಯ ಪೊರಕೆಯನ್ನು ಒಂದೇ ದಿಕ್ಕಿಗೆ ಎಳೆದರೆ ಒದ್ದೆ ಕಾಲು ಜಾರದಷ್ಟು ಒರಟು ಬರುತ್ತದೆ. ನುಣುಪು ಕಟ್ಟೆಯ ಮೇಲೆ ಬಿದ್ದು ಪೆಟ್ಟಾಗುವುದು ಮಕ್ಕಳಿಗೂ ಮುದುಕರಿಗೂ ಆದ್ದರಿಂದ ಇದರಲ್ಲಿ ರಾಜಿ ಬೇಡ. ಬಣ್ಣ ತಿಳಿಯಾಗಿದ್ದಷ್ಟೂ ಏಪ್ರಿಲಿನಲ್ಲಿ ಅಂಗಾಲು ಸುಡುವುದು ಕಡಿಮೆ.

ಬಿರುಕುಗಳಲ್ಲಿ ಎರಡು ಜಾತಿ. ಹಿಂದೊಮ್ಮೆ ಬಿಟ್ಟು ಈಗ ಅಲುಗದೆ ನಿಂತದ್ದಕ್ಕೆ ಎಪಾಕ್ಸಿ ತುಂಬಬಹುದು. ಬೆಳಗ್ಗೆ ಅಗಲ, ಮಧ್ಯಾಹ್ನ ಕಿರಿದಾಗುವಂಥದು ಜೀವಂತ ಬಿರುಕು. ಅದನ್ನು ಗಟ್ಟಿ ವಸ್ತುವಿನಿಂದ ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತದೆ. ಅದಕ್ಕೆ ರಬ್ಬರಿನಂತೆ ಎಳೆದುಕೊಳ್ಳುವ ಪಾಲಿಯುರೆಥೇನ್ ಸೀಲೆಂಟ್ ಬೇಕು. ಕೊಳದ ಗೋಡೆಗೂ ಕಟ್ಟೆಗೂ ನಡುವಿನ ಸಂದು ಎಂದೆಂದಿಗೂ ಜೀವಂತವೇ. ಅಲ್ಲಿ ಸಿಮೆಂಟ್ ಗಾರೆ ತುಂಬಿದರೆ ಬಿಸಿಲಿಗೆ ಹಿಗ್ಗಿದ ಕಟ್ಟೆ ಕೊಳದ ಗೋಡೆಯನ್ನೇ ತಳ್ಳುತ್ತದೆ.

ಕ್ಯೂರಿಂಗ್ ವಿಷಯದಲ್ಲಿ ಲ್ಯಾಟೆಕ್ಸ್ ಗಾರೆಯ ನಿಯಮ ಬೇರೆ: ಒಂದೆರಡು ದಿನ ಒದ್ದೆಯಿಟ್ಟು ಆಮೇಲೆ ಒಣಗಲು ಬಿಡಬೇಕು, ಲ್ಯಾಟೆಕ್ಸ್ ಪೊರೆ ಕಟ್ಟುವುದು ಒಣಗುವಾಗ. ಬರಿಯ ಸಿಮೆಂಟ್ ಕಾಂಕ್ರೀಟಿಗೆ ಮಾತ್ರ ಹಳೆಯ ವಿಧಾನಕ್ಕಿಂತ ಉತ್ತಮವಾದದ್ದು ಇನ್ನೂ ಬಂದಿಲ್ಲ. ಸುತ್ತ ಜೇಡಿಮಣ್ಣಿನ ಸಣ್ಣ ಬದು ಕಟ್ಟಿ ಬೆರಳುಗಂಟಿನಷ್ಟು ನೀರು ನಿಲ್ಲಿಸುವುದು, ವಾಟವಿರುವಲ್ಲಿ ಗೋಣಿಚೀಲ ಹಾಸಿ ನೆನೆಸಿ ಮೇಲೆ ಪ್ಲಾಸ್ಟಿಕ್ ಹೊದಿಸುವುದು. ಪ್ಲಾಸ್ಟಿಕ್ ಹೊದಿಸಿದರೆ ದಿನಕ್ಕೆ ಒಮ್ಮೆ ನೆನೆಸಿದರೂ ಚೀಲ ಒಣಗುವುದಿಲ್ಲ, ಟ್ಯಾಂಕರ್ ನೀರಿನ ಊರಿಗೆ ಇದು ದೊಡ್ಡ ಉಳಿತಾಯ. ಕೆಲಸಕ್ಕೆ ಒಳ್ಳೆಯ ಕಾಲ ನವೆಂಬರಿನ ನಡುವಿನಿಂದ ಫೆಬ್ರವರಿ: ಹಿಂಗಾರು ಮುಗಿದಿರುತ್ತದೆ, ಬಿಸಿಲು ಹದವಾಗಿರುತ್ತದೆ, ಕೆರೆ–ಬಾವಿಗಳಲ್ಲಿ ನೀರಿರುತ್ತದೆ. ಚಳಿದೇಶದವರು ಹೆಪ್ಪುಗಟ್ಟುವ ಭಯಕ್ಕೆ ಬೇಸಿಗೆ ಕಾಯುತ್ತಾರೆ, ಇಲ್ಲಿ ಅದು ತಿರುಗುಮುರುಗು.

ಲೇಪ

ದುರಸ್ತಿಯಾದ ಕಟ್ಟೆಗೆ ರಕ್ಷಣೆಯ ಲೇಪ ಹಾಕುವುದಾದರೆ ಸಿಲೇನ್ ಅಥವಾ ಸಿಲಾಕ್ಸೇನ್ ಜಾತಿಯದು ಈ ಹವೆಗೆ ಹೊಂದುತ್ತದೆ. ಅದು ಮೇಲೆ ಪೊರೆ ಕಟ್ಟದೆ ರಂಧ್ರಗಳೊಳಗೆ ಇಳಿದು, ಹೊರಗಿನ ನೀರನ್ನು ತಡೆಯುತ್ತ ಒಳಗಿನ ತೇವವನ್ನು ಆವಿಯಾಗಿ ಹೋಗಗೊಡುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲವಾದ್ದರಿಂದ ಹಣ ಕೊಟ್ಟವರಿಗೆ ಸಮಾಧಾನವಾಗುವುದು ಕಷ್ಟ, ಆದರೆ ಕೆಲಸ ಮಾಡುವುದು ಅದೇ. ಹೊಳಪಿನ ಅಕ್ರಿಲಿಕ್ ಲೇಪ ನೋಡಲು ಚೆಂದ, ಒದ್ದೆಯಾದರೆ ಜಾರುತ್ತದೆ, ಅಡಿಯಿಂದ ತೇವ ಏರಿದರೆ ಬಿಳಿಚಿಕೊಂಡು ಸುಲಿಯುತ್ತದೆ. ಹೊಸ ಕಾಂಕ್ರೀಟಿಗೆ 28 ದಿನ ತುಂಬುವ ಮೊದಲು ಯಾವ ಲೇಪವೂ ಬೇಡ.

ಸಿಲೇನ್ ಲೇಪ ಶಾಶ್ವತವಲ್ಲ. ವರ್ಷಕ್ಕೊಮ್ಮೆ, ಹಿಂಗಾರು ಕಳೆದ ಮೇಲೆ, ಒಣ ಕಟ್ಟೆಯ ಮೇಲೆ ಅಲ್ಲಲ್ಲಿ ನೀರು ಚಿಮುಕಿಸಿ ನೋಡಬೇಕು. ಹನಿ ಮಣಿಯಂತೆ ಕೂತರೆ ಲೇಪ ಇದೆ, ನೆಲ ಕಪ್ಪಾಗಿ ಹೀರಿಕೊಂಡರೆ ಮತ್ತೆ ಹಾಕುವ ಕಾಲ ಬಂದಿದೆ. ಅದೇ ದಿನ ಸಂದುಗಳ ಸೀಲೆಂಟನ್ನೂ ಬೆರಳಿನಿಂದ ಒತ್ತಿ ನೋಡಿ, ಬಿರುಸಾದ ಅಥವಾ ಅಂಚು ಬಿಟ್ಟ ಭಾಗವನ್ನು ಕತ್ತರಿಸಿ ತೆಗೆದು ಹೊಸದು ತುಂಬಬೇಕು.